ಗಂಟೆ ಬೆಳಗಾವಿಯಲ್ಲಿ, ಕಿವಿ ಯಾವ ಊರಲ್ಲಿ?



ಖಡೇಬಜಾರಿನಲ್ಲೋ ಟಿಳಕವಾಡಿಯಲ್ಲೋ ನಿಮ್ಮದೊಂದು ಮೂರಂತಸ್ತಿನ ಕಟ್ಟಡವಿದೆ ಎನ್ನಿ. ಕೆಳಗೆ ಅಂಗಡಿ, ನಡುವೆ ದವಾಖಾನೆ, ಮೇಲೆ ಬಾಡಿಗೆಗಿರುವ ಹುಡುಗರು. ಹಣ ಸುರಿದು ಫೈರ್ ಅಲಾರಾಂ ಹಾಕಿಸಿದ್ದೀರಿ. ಸಂತೋಷ! ರಾತ್ರಿ ಎರಡಕ್ಕೆ ಅದು ಹೊಡೆದುಕೊಂಡರೆ ಅಗ್ನಿಶಾಮಕ ದಳವನ್ನು ಕರೆಯುವವರು ಯಾರು?

ಅದಕ್ಕೇ ಕಂಪನಿಯವರು ‘ಮಾನಿಟರಿಂಗ್’ ಸಂಪರ್ಕ ಮಾರುತ್ತಾರೆ. ಗಂಟೆ ಹೊಡೆದೊಡನೆ ಸಂದೇಶ ದೂರದ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಕೂತವನು ಫೋನೆತ್ತಬೇಕು. ಒಳ್ಳೆಯದೇ. ಆದರೆ ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಿ.

ಒಂದು, ತಂತಿ. ಹಳೆಯ ತಾಮ್ರದ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಇಂದಿನ ಫೈಬರ್ ಹಾಗಲ್ಲ. ಕರೆಂಟು ಹೋಯಿತೋ, ಗೋಡೆಯ ಮೋಡೆಮ್ಮೂ ಸತ್ತಿತು! ಅಲಾರಾಂ ಪೆಟ್ಟಿಗೆಗೆ ಬ್ಯಾಟರಿ ಇದ್ದರೆ ಸಾಲದು, ಮೋಡೆಮ್ಮಿಗೂ ಬೇಕು.

ಎರಡು, ಸಿಮ್. ಕೆಲವು ಅಗ್ಗದ ಪೆಟ್ಟಿಗೆಗಳು 2ಜಿಯಲ್ಲಿ ಮಾತ್ರ ಮಾತಾಡುತ್ತವೆ. ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. 4ಜಿ ಪೆಟ್ಟಿಗೆಯನ್ನೇ ಕೇಳಿ. ಖಾನಾಪುರದವರೇ, ಅದರಲ್ಲೂ ಜಾಂಬೋಟಿ, ಕಣಕುಂಬಿಯ ಕಾಡಂಚಿನವರೇ, ಮಾರುವವನ ಬಾಯಿಮಾತು ನಂಬಬೇಡಿ. ಪೆಟ್ಟಿಗೆ ಕೂರುವ ಜಾಗದಲ್ಲೇ, ಜಡಿಮಳೆಯಲ್ಲೇ ಸಿಗ್ನಲ್ ನೋಡಿ. ಫೈಬರ್ ಒಂದು, ಸಿಮ್ ಒಂದು, ಎರಡೂ ದಾರಿ ಇರಲಿ. ಸಿಮ್ಮಿಗೆ ರೀಚಾರ್ಜ್ ಮಾಡುವ ಹೊಣೆ ಯಾರದ್ದೆಂದು ಬರೆಸಿಕೊಳ್ಳಿ.

ಮೂರು, ನಾಡಿ. ಸಂಪರ್ಕವೇ ಕಡಿದರೆ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ತಿಳಿಯುತ್ತದೆ? ನಿಮಿಷಗಳಲ್ಲೋ, ಮಾರನೆಯ ದಿನವೋ? ಪೆಟ್ಟಿಗೆ ಆಗಾಗ ‘ಬದುಕಿದ್ದೇನೆ’ ಎಂದು ಸುದ್ದಿ ಕಳಿಸುತ್ತಿರಬೇಕು. ಸುದ್ದಿ ನಿಂತರೆ ನಿಮಗೆ ಫೋನು ಬರಬೇಕು.

ನಾಲ್ಕು, ಕಿವಿ. ಇದೇ ಎಲ್ಲಕ್ಕಿಂತ ದೊಡ್ಡದು. ಮುಂಬೈಯಲ್ಲೋ ನೋಯ್ಡಾದಲ್ಲೋ ಕೂತವನು 112 ಒತ್ತಿದರೆ ಕರೆ ಹೋಗುವುದು ಆ ರಾಜ್ಯದ ಕೇಂದ್ರಕ್ಕೆ, ನಮ್ಮ ಕರ್ನಾಟಕಕ್ಕಲ್ಲ! ನಿಮ್ಮ ಊರಿಗೆ ಬರಬೇಕಾದ ಅಗ್ನಿಶಾಮಕ ಠಾಣೆಯ ನೇರ ಸಂಖ್ಯೆ ಅವನ ಮೇಜಿನ ಮೇಲಿದೆಯೇ? ಇನ್ನು ನಿಮ್ಮ ಕಾವಲುಗಾರ ನಂದಗಡದವನು. ಹೊಗೆಯಲ್ಲಿ ಕೆಮ್ಮುತ್ತ ‘ಮ್ಯಾಲಿನ ಮಾಳಿಗ್ಯಾಗ ಹುಡುಗ್ರು ಅದಾರ್ರೀ’ ಎಂದು ಕೂಗಿದರೆ ಆ ಕಡೆಯಿಂದ ‘ಹಿಂದಿ ಮೇ ಬೋಲಿಯೇ’ ಎಂದು ಬಂದರೆ? ಇದು ಸೇವೆಯೋ, ಕನ್ನಡಿಗನ ಜೀವದೊಡನೆ ಚೆಲ್ಲಾಟವೋ? ಕಾವಲುಗಾರ ಮರಾಠಿ ಮಾತಾಡುವವನಾದರೂ ಪಾಡು ಇದೇ. ಅವನೂ ನಮ್ಮ ನೆಲದವನೇ, ಬೆಂಕಿ ಭಾಷೆ ಕೇಳಿ ಸುಡುವುದಿಲ್ಲ. ಆದರೆ ಬೆಂಕಿ ಆರಿಸಲು ಬರುವವನಿಗೆ ಗಲ್ಲಿಯ ಹೆಸರು ಸರಿಯಾಗಿ ತಲುಪಬೇಕು.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತರು. ಅದು ಹಾಡುಹಗಲು, ಅದು ರಾಜಧಾನಿ. ನಡುರಾತ್ರಿಯ ಖಾನಾಪುರದಲ್ಲಿ ಭಾಷಾಂತರಕ್ಕೆ ಕಳೆಯಲು ಎಷ್ಟು ನಿಮಿಷ ಉಳಿದೀತು?

ಆದ್ದರಿಂದ ಒಪ್ಪಂದ ಕನ್ನಡದಲ್ಲಿರಲಿ. ರಾತ್ರಿ ಪಾಳಿಯಲ್ಲೂ ಕನ್ನಡ ಬಲ್ಲವರು ಇರಬೇಕೆಂದು ಅದರಲ್ಲಿ ಬರೆಸಿ. ಹಣ ಕೊಡುವ ಮೊದಲು, ಕಂಪನಿಗೆ ಹೇಳಿಯೇ, ಒಂದು ರಾತ್ರಿ ಪರೀಕ್ಷೆ ಮಾಡಿ. ಕರೆಂಟು ತೆಗೆಯಿರಿ, ಗಂಟೆ ಹೊಡೆಯಿರಿ, ಗಡಿಯಾರ ಹಿಡಿದು ಕೂತುಕೊಳ್ಳಿ. ಫೋನು ಬರದಿದ್ದರೆ, ಬಂದ ಫೋನು ಕನ್ನಡ ಆಡದಿದ್ದರೆ, ಪೆಟ್ಟಿಗೆ ವಾಪಸ್ಸು!

ಕಟ್ಟಡ ನಮ್ಮದು, ಹಣ ನಮ್ಮದು, ಜೀವ ನಮ್ಮದು. ಉತ್ತರ ಕೊಡುವ ದನಿಯೂ ಕನ್ನಡದ್ದೇ ಆಗಲಿ!