ವ್ಯಾನ್ ಡೈರಿ 4: ಬೋರ್ಡಲ್ಲಿ 14, ಬಿಲ್ಲಲ್ಲಿ 31

ವ್ಯಾನಲ್ಲೇ ಮಲಗ್ತೀರಲ್ಲ, ರೂಮಿನ ದುಡ್ಡು ಉಳೀತು ಅಂತೀರಲ್ಲ, ಇದನ್ನ ಓದಿ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ನಾವು ಮೂವರು ನಮ್ಮ ಹಳೇ ಕ್ಯಾಂಪರ್‌ವ್ಯಾನ್ ನಿಲ್ಲಿಸಿದ್ವಿ. ಗೇಟಿನ ಬೋರ್ಡಲ್ಲಿ ರಾತ್ರಿಗೆ 14 ಯೂರೋ. ಬೆಳಿಗ್ಗೆ ಬಿಲ್ 31! ತಲೆಗಿಷ್ಟು, ಕರೆಂಟಿಗಿಷ್ಟು, ಬಿಸಿನೀರಿನ ಟೋಕನ್ನು, ಮೇಲೊಂದು ‘ಕುರ್‌ಟ್ಯಾಕ್ಸೆ’, ಅಂದ್ರೆ ಊರಿನ ಪ್ರವಾಸಿ ತೆರಿಗೆ.

ತೆರಿಗೆಗೆ ನನ್ನ ತಕರಾರಿಲ್ಲ. ಅಲ್ಲಿ ಎಷ್ಟೋ ಊರುಗಳಲ್ಲಿ ಅದಕ್ಕೆ ‘ಕೋನುಸ್’ ಅನ್ನೋ ಅತಿಥಿ ಕಾರ್ಡ್ ಕೊಡ್ತಾರೆ, ಬಸ್ಸು, ಲೋಕಲ್ ರೈಲು ಫ್ರೀ. ಆದರೆ ಕರೆಂಟು? ಮೀಟರ್ ಇಡಿ, ಉರಿಸಿದಷ್ಟು ಕೊಡ್ತೀವಿ. ಮೊಬೈಲ್ ಚಾರ್ಜ್ ಮಾಡಿದವನಿಗೂ ರಾತ್ರಿಯಿಡೀ ಹೀಟರ್ ಹಾಕ್ಕೊಂಡವನಿಗೂ ಒಂದೇ ರೇಟಾ?

ಹೀಗಾದ್ರೆ ಜನ ಪಾರ್ಕಿಂಗ್ ಜಾಗ ಹುಡುಕ್ತಾರೆ. ಇಲ್ಲಿ ನಿಷೇಧ ಇಲ್ಲದ ಕಡೆ ದಣಿವಾರಿಸ್ಕೊಳ್ಳೋಕೆ ಒಂದು ರಾತ್ರಿ ಗಾಡಿಯಲ್ಲೇ ಮಲಗಬಹುದು. ಹೊರಗೆ ಕುರ್ಚಿ ಹಾಕಿದ್ರೋ, ಅದು ಕ್ಯಾಂಪಿಂಗ್, ದಂಡ ಬೀಳಬಹುದು. ಮಾರನೇ ರಾತ್ರಿ ನಾವೂ ಅದನ್ನೇ ಮಾಡಿದ್ವಿ. ಬಾಗಿಲು ಮುಚ್ಕೊಂಡು ಒಳಗೇ ಉಪ್ಪಿಟ್ಟು. (ಒಗ್ಗರಣೆ ವಾಸನೆ ಮಾತ್ರ ಪಾರ್ಕಿಂಗ್ ತುಂಬಾ.) ಆದರೆ ತುಂಬಿದ ಟಾಯ್ಲೆಟ್ ಡಬ್ಬ ಎಲ್ಲಿ ಖಾಲಿ ಮಾಡೋದು? ಕೆಲವರು ಕಾಡಲ್ಲೇ ಸುರಿದು ಹೋಗ್ತಾರೆ. ಅದು ಅಸಹ್ಯ.

ಮೂರು ಜನ, ಒಂದು ವ್ಯಾನ್, ಒಂದು ರಾತ್ರಿ: ಒಟ್ಟು ಎಷ್ಟು ಅಂತ ಗೇಟಲ್ಲೇ ಬರೀಲಿ. 31 ಅಂತ ಮೊದಲೇ ಗೊತ್ತಿದ್ರೂ ಬಹುಶಃ ಅಲ್ಲೇ ನಿಲ್ಲಿಸ್ತಿದ್ವಿ, ಬೈಕೊಂಡಾದ್ರೂ.