ಆನ್‌ಲೈನ್ ನೇಮಕಾತಿ ಪರೀಕ್ಷೆ ಬರೆಯಲು ಸಿದ್ದಾಪುರದಲ್ಲಿ ಕರೆಂಟು, ನೆಟ್‌ವರ್ಕ್ ಇರುವ ಕೊಠಡಿ ಒದಗಿಸುವ ಬಗ್ಗೆ ಮನವಿ

ದಿನಾಂಕ: 18-08-2025

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಉಡುಪಿ ಜಿಲ್ಲೆ,
ರಜತಾದ್ರಿ, ಮಣಿಪಾಲ.

ಇವರಿಂದ,
ಸಿದ್ದಾಪುರ, ಹೊಸಂಗಡಿ, ಕಮಲಶಿಲೆ, ಶಂಕರನಾರಾಯಣ ಹಾಗೂ ಸುತ್ತಲಿನ ಗ್ರಾಮಗಳ ಉದ್ಯೋಗಾಕಾಂಕ್ಷಿ ಪದವೀಧರರು, ಕುಂದಾಪುರ ತಾಲೂಕು. (ಉತ್ತರ ಕನ್ನಡದ ಸಿದ್ದಾಪುರವಲ್ಲ. ಕಳೆದ ಬಾರಿ ನಮ್ಮ ಅರ್ಜಿ ಅಲ್ಲಿಗೆ ಹೋಗಿ ಸುತ್ತಿ ಬಂದಿರುವುದರಿಂದ ಇದನ್ನು ಬರೆಯಬೇಕಾಯಿತು.)

ಮಾನ್ಯರೇ,

ಬಿ.ಇ., ಬಿ.ಸಿ.ಎ., ಡಿಪ್ಲೊಮಾ ಮುಗಿಸಿ ಮೊದಲ ಸಾಫ್ಟ್‌ವೇರ್ ಕೆಲಸ ಹುಡುಕುತ್ತಿರುವ ನಾವು ಈ ಕೆಳಗಿನಂತೆ ವಿನಂತಿಸಿಕೊಳ್ಳುತ್ತೇವೆ. ಇದೇ ವಿಷಯದಲ್ಲಿ ಸಂಬಂಧಪಟ್ಟ ಕಚೇರಿಗಳಿಗೆ ಈ ಹಿಂದೆಯೂ ಬರೆದಿದ್ದೇವೆ. ಸ್ವೀಕೃತಿಯ ಮುದ್ರೆ ಮಾತ್ರ ಪ್ರತಿ ಸಲವೂ ಚೆನ್ನಾಗಿ ಮೂಡಿದೆ (ಲಗತ್ತು 1, 2).

ಮೊದಲ ಕೆಲಸ ಸಿಗುವುದು ಕಷ್ಟವಾಗಿದೆ ಎಂದು ಜಿಲ್ಲಾಡಳಿತವನ್ನು ದೂರುವಷ್ಟು ಅವಿವೇಕ ನಮಗಿಲ್ಲ. ಕಳೆದ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ ಒಳಪರೀಕ್ಷೆ ಪಾಸಾಗಲಿಲ್ಲವೆಂದು ಮುನ್ನೂರಕ್ಕೂ ಹೆಚ್ಚು ಹೊಸಬರನ್ನು ಮನೆಗೆ ಕಳಿಸಿದ್ದು, ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ್ದು ಎಲ್ಲರೂ ಓದಿದ ಸುದ್ದಿ. ಅನುಭವಿಗಳೇ ಫ್ರೆಶರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಕ್ಯಾಂಪಸ್ಸಿಗೆ ದೊಡ್ಡ ಕಂಪೆನಿ ಬಾರದ ಕಾಲೇಜುಗಳಲ್ಲಿ ಓದಿದ ನಮಗೆ ಆಫ್ ಕ್ಯಾಂಪಸ್ ದಾರಿಯೊಂದೇ ಉಳಿದಿದೆ. ಮನೆಯಲ್ಲೇ ಕುಳಿತು ಬರೆಯುವ ಆನ್‌ಲೈನ್ ಪರೀಕ್ಷೆ ಅದರ ಮೊದಲ ಮೆಟ್ಟಿಲು. ಆ ಮೆಟ್ಟಿಲಿನಲ್ಲೇ ಕರೆಂಟು ನಮ್ಮನ್ನು ಹಿಂದಕ್ಕೆ ಕಳಿಸುತ್ತಿದೆ.

ಈ ಪರೀಕ್ಷೆ ನಡೆಯುವ ಬಗೆಯನ್ನು ತಮ್ಮ ಗಮನಕ್ಕೆ ತರುತ್ತೇವೆ. ಕ್ಯಾಮೆರಾ, ಮೈಕು ಎರಡೂ ಚಾಲೂ ಇರಬೇಕು. ಪರದೆ ಬಿಟ್ಟು ಆಚೆ ಹೋಗುವಂತಿಲ್ಲ, ಕೋಣೆಯಲ್ಲಿ ಇನ್ನೊಬ್ಬರ ಮುಖ ಕಾಣುವಂತಿಲ್ಲ. ನೆಟ್ ಕಡಿದರೆ ಮತ್ತೆ ಒಳಗೆ ಬರಲು ಕೆಲವೇ ನಿಮಿಷ. ಆ ಮೇಲೆ ಬರೆದಷ್ಟಕ್ಕೇ ಪರೀಕ್ಷೆ ಮುಗಿಯಿತು. ಹಲವು ಕಂಪೆನಿಗಳಲ್ಲಿ ಒಮ್ಮೆ ಹೀಗಾದರೆ ಮುಂದಿನ ಆರು ತಿಂಗಳು ಅರ್ಜಿಯನ್ನೇ ಹಾಕುವಂತಿಲ್ಲ. ಇಲ್ಲಿ ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಮನೆಯ ರೂಟರ್ ಆರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಟವರ್‌ನ ಬ್ಯಾಟರಿಯೂ ಮುಗಿದು ಮೊಬೈಲೂ ಸುಮ್ಮನಾಗುತ್ತದೆ. ಲ್ಯಾಪ್‌ಟಾಪ್ ಒಂದೇ ಎಚ್ಚರವಿರುತ್ತದೆ, ಅದರಿಂದ ಏನು ಪ್ರಯೋಜನ?

ಕಳೆದ ಜುಲೈಯಲ್ಲಿ ನಮ್ಮ ಸದಸ್ಯೆಯೊಬ್ಬರಿಗೆ ಬಹಳ ಕಾಲದ ಮೇಲೆ ಒಂದು ಕಂಪೆನಿಯಿಂದ ಪರೀಕ್ಷೆಯ ಲಿಂಕ್ ಬಂತು. ಮೊದಲ ಪ್ರೋಗ್ರಾಮ್ ಮುಗಿಸಿ ಎರಡನೆಯದರ ನಡುವಿದ್ದಾಗ ಫ್ಯಾನು ನಿಂತಿತು. ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಕರೆ ಮಾಡಿದ್ದಕ್ಕೆ ದೂರಿನ ಸಂಖ್ಯೆ ಬಂತು. ಸಂಜೆ, ಇನ್ನೂ ಮನೆಯಲ್ಲಿ ಚಿಮಣಿ ದೀಪ ಉರಿಯುತ್ತಿರುವಾಗಲೇ, ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶವೂ ಬಂತು. ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ “ಮಳಿಗಾಲ ಅಲ್ದಾ ಮಾರಾಯ್ರೆ” ಎಂಬ ಉತ್ತರ. ಮಳೆಗಾಲ ನಮಗೆ ಹೊಸತಲ್ಲ, ಕಚೇರಿಗೂ ಹೊಸತಾಗಿರಲಾರದು. ಪರೀಕ್ಷೆಯ ಲಿಂಕಿನ ಪ್ರತಿ, ಅರ್ಧಕ್ಕೆ ನಿಂತ ಪರದೆಯ ಚಿತ್ರ, ಎರಡೂ ಸಂದೇಶಗಳು, ಮೇಜಿನ ಮೇಲೆ ಚಿಮಣಿಯ ಪಕ್ಕದಲ್ಲಿ ಅದೇ ಫೋನ್ ಇಟ್ಟು ತೆಗೆದ ಫೋಟೊ, ಮರುಪರೀಕ್ಷೆ ಸಾಧ್ಯವಿಲ್ಲವೆಂಬ ಕಂಪೆನಿಯ ಮೇಲ್, ಇದೇ ರೀತಿ ಪರೀಕ್ಷೆ ಕಳೆದುಕೊಂಡ ಇತರ ಸದಸ್ಯರ ಸಹಿ ಸಹಿತ ಹೇಳಿಕೆಗಳು, ಅಕ್ಕಪಕ್ಕದ ಮನೆಯವರ ಹೇಳಿಕೆ, ಇವಿಷ್ಟನ್ನೂ ಲಗತ್ತು 3ರಿಂದ 9ರವರೆಗೆ ಇರಿಸಿದ್ದೇವೆ. ದಯವಿಟ್ಟು ತೆರೆದು ನೋಡಬೇಕು.

2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ತಮಗೆ ತಿಳಿದೇ ಇವೆ, ವಿವರಿಸುವುದಿಲ್ಲ. ಕರೆಂಟು ಹುಟ್ಟುವುದೂ ನಮ್ಮಲ್ಲೇ: ಹೊಸಂಗಡಿಯಲ್ಲಿ ನೆಲದಡಿ ಇರುವ ವಾರಾಹಿ ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ಮಳೆ ಜೋರಾದಷ್ಟೂ ಅಲ್ಲಿಗೆ ನೀರು, ಅದೇ ಮಳೆಗೆ ಇಲ್ಲಿ ಕತ್ತಲೆ. ಗ್ರಿಡ್ ಬೇರೆ, ಹಳ್ಳಿಯ ಫೀಡರ್ ಬೇರೆ ಎಂಬುದು ನಮಗೂ ಗೊತ್ತಿದೆ, ನಮ್ಮಲ್ಲಿ ಎಲೆಕ್ಟ್ರಿಕಲ್ ಓದಿದವರೂ ಇದ್ದಾರೆ. ಲೈನಿಗೆ ತಾಗುವ ಕೊಂಬೆಗಳನ್ನು ಮೇ ತಿಂಗಳಲ್ಲಿ ಯಾಕೆ ಕಡಿಯಲಿಲ್ಲ ಎಂಬುದು ಮಾತ್ರ ಅವರಿಗೂ ಅರ್ಥವಾಗಿಲ್ಲ.

ಕುಂದಾಪುರಕ್ಕೆ ಹೋಗಿ ಬರೆಯಬಾರದೇ ಎಂದು ಕೇಳಿದವರಿದ್ದಾರೆ. ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಸೈಬರ್ ಅಂಗಡಿಯಲ್ಲಿ ಕುಳಿತರೆ, ಝೆರಾಕ್ಸಿಗೆ ಬಂದವರ ಮುಖ ಕ್ಯಾಮೆರಾದಲ್ಲಿ ಕಂಡು ‘ಅನುಮಾನಾಸ್ಪದ ಚಟುವಟಿಕೆ’ ಎಂದು ದಾಖಲಾಗುತ್ತದೆ. ಅದನ್ನೂ ಅನುಭವಿಸಿ ಆಗಿದೆ (ಲಗತ್ತು 10).

ಆದುದರಿಂದ ಸಿದ್ದಾಪುರದಲ್ಲಿ, ಗ್ರಾಮ ಪಂಚಾಯತ್‌ನ ಅರಿವು ಕೇಂದ್ರದಲ್ಲಾಗಲಿ ಬೇರೆ ಸರಕಾರಿ ಕಟ್ಟಡದಲ್ಲಾಗಲಿ, ಒಬ್ಬೊಬ್ಬರೇ ಕುಳಿತು ಬರೆಯಬಹುದಾದ ನಾಲ್ಕು ಸಣ್ಣ ಕೋಣೆ, ಕೇಬಲ್ ಇಂಟರ್‌ನೆಟ್, ಕನಿಷ್ಠ ನಾಲ್ಕು ಗಂಟೆ ಬಾಳುವ ಇನ್ವರ್ಟರ್ ಒದಗಿಸಬೇಕು. ಪಕ್ಕದ ಅಮಾಸೆಬೈಲಿನಲ್ಲಿ ಮನೆಮನೆಗೆ ಸೋಲಾರ್ ದೀಪ ಬಂದಿರುವಾಗ ಒಂದು ಕಟ್ಟಡಕ್ಕೆ ಸೋಲಾರ್ ಅಸಾಧ್ಯವಲ್ಲ. ಪರೀಕ್ಷೆಗಳು ಹೆಚ್ಚಾಗಿ ಶನಿವಾರ, ಭಾನುವಾರ ಇರುವುದರಿಂದ ಆ ದಿನಗಳಲ್ಲೂ ಬಾಗಿಲು ತೆರೆದಿರಬೇಕು. ಅಲ್ಲಿಯವರೆಗೆ ಪೇಟೆಯಲ್ಲಿ ಜನರೇಟರ್ ಇರುವ ಮೊದಲ ಮಹಡಿಯ ಕೊಠಡಿಯೊಂದು ಖಾಲಿ ಇದ್ದು, ಅದನ್ನು ಬಾಡಿಗೆಗೆ ಪಡೆಯಬಹುದು. ಮಾಲಕರು ನಮ್ಮ ಸದಸ್ಯರೊಬ್ಬರ ಮಾವನವರಾದುದರಿಂದ ಬಾಡಿಗೆಯ ವಿಷಯದಲ್ಲಿ ಸಹಕರಿಸುವರು. ಕೊಠಡಿ ನೋಡಿಕೊಳ್ಳಲು ಗೌರವಧನದ ಮೇಲೆ ನೇಮಿಸುವಾಗ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕಲಿತ, 2022ಕ್ಕೆ ಮೊದಲು ಪದವಿ ಪಡೆದ ಸ್ಥಳೀಯರಿಗೆ ಆದ್ಯತೆ ಕೊಡಬೇಕು. ಅಂಥವರು ಇಬ್ಬರು ಈ ಮನವಿಗೆ ಸಹಿ ಹಾಕಿದ್ದಾರೆ.

ಇನ್ನು ಉಳಿದ ವಿಷಯಗಳು. ರಾಜ್ಯ ಸರಕಾರದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುವುದು 2022-23ರಿಂದ ಈಚೆಗೆ ಪಾಸಾದವರಿಗೆ ಮಾತ್ರ. ಕೋವಿಡ್ ಕಾಲದ ಬ್ಯಾಚುಗಳನ್ನೂ ಸೇರಿಸುವಂತೆ ಸರಕಾರಕ್ಕೆ ಶಿಫಾರಸು ಮಾಡಬೇಕು. ಉದ್ಯೋಗಮೇಳಕ್ಕೆ ‘ಐಟಿ’ ಎಂದು ಬರೆದು ವಿಮೆ ಮಾರುವವರನ್ನು ಕರೆಸಬಾರದು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸುವಂತೆ ಜಿಲ್ಲೆಯ ಸಾಫ್ಟ್‌ವೇರ್ ಕಂಪೆನಿಗಳಿಗೆ ನೆನಪಿಸಬೇಕು.

ಈ ಮನವಿಗೆ 15 ದಿನಗಳ ಒಳಗೆ ಲಿಖಿತ ಉತ್ತರ ಕೋರುತ್ತೇವೆ. ‘ಮುಂದಿನ ಕ್ರಮಕ್ಕಾಗಿ ವರ್ಗಾಯಿಸಲಾಗಿದೆ’ ಎಂಬ ಉತ್ತರ ನಮ್ಮಲ್ಲಿ ಈಗಾಗಲೇ ಇದೆ. ಕೊಠಡಿ ತಡವಾಗುವುದಾದರೆ ಸೆಪ್ಟೆಂಬರ್ ತಿಂಗಳ ಪರೀಕ್ಷೆಗಳನ್ನು ರಜತಾದ್ರಿಯ ಒಂದು ಕೊಠಡಿಯಲ್ಲಿ ಬರೆಯಲು ನಮಗೆ ಅನುಮತಿ ಕೊಡಬೇಕು. ಲ್ಯಾಪ್‌ಟಾಪ್, ಚಾರ್ಜರ್ ನಾವೇ ತರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳ ಹಾಳೆ ಪ್ರತ್ಯೇಕ ಲಗತ್ತಿಸಿದೆ)

ಪ್ರತಿ: ಉಪವಿಭಾಗಾಧಿಕಾರಿಗಳು, ಕುಂದಾಪುರ, ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ, ಕ್ಷೇತ್ರದ ಶಾಸಕರು.