ರೆಡ್ ಅಲರ್ಟ್ ಅಂದರೆ ಏನು ಸ್ವಾಮಿ?

ಕನ್ನಡಿಗರೇ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕೊರೆದ ಗುಡ್ಡ ಕುಸಿಯಿತು. ಚಹಾ ಅಂಗಡಿ, ಲಾರಿ ಎಲ್ಲವೂ ಗಂಗಾವಳಿ ಪಾಲು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಆ ಲಾರಿ, ಅದರೊಳಗೆ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ!

ರೆಡ್, ಆರೆಂಜ್ ಎಂದು ಬಣ್ಣ ಎರಚುವ ಅಧಿಕಾರಿಗಳೇ, ಹೊಳೆದಂಡೆಯ ಅಜ್ಜಿಗೆ ಆ ಬಣ್ಣ ಏನು ಹೇಳೀತು? "ಗುಡ್ಡದ ಬುಡ ಬಿಟ್ಟು ಏಳಿ, ಶಾಲೆಗೆ ಹೋಗಿ" ಎಂದು ಕನ್ನಡದಲ್ಲಿ ಮೈಕು ಹಿಡಿದು ಕೂಗಲು ಎಷ್ಟು ಕೋಟಿ ಬೇಕು? ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ನಿಮ್ಮ ಪಂಚಾಯಿತಿಯಲ್ಲಿ ಹಗ್ಗ, ದೋಣಿ, ಟಾರ್ಚು ಇವೆಯೇ? ಗ್ರಾಮಸಭೆಯಲ್ಲಿ ಎದ್ದು ಕೇಳಿ. ಇಂಗ್ಲಿಷ್ ಕಡತ ತೋರಿಸಿದರೆ ಮುಟ್ಟಬೇಡಿ. ಕನ್ನಡದಲ್ಲಿ ಬರೆದು ತರುವ ತನಕ ಜಾಗ ಬಿಟ್ಟೇಳಬೇಡಿ!